ದುಂಡಸಿ ಕೇರಿಯ ಪೆಟ್ಟಿಗೆ

ಜಗದೀಶಣ್ಣಾ,

ನಮ್ಮ ಇಂಟರ್‌ನೆಟ್ ಕಂಪನಿಯನ್ನು ದೊಡ್ಡ ಕಂಪನಿಗೆ ಮಾರುವ ಕಾಗದಕ್ಕೆ ನೀನು ನನ್ನನ್ನು ಕೇಳದೆ ಸಹಿ ಹಾಕಿದ್ದೀ.

ರೊಟ್ಟಿ ಬುಟ್ಟಿಯಲ್ಲಿವೆ. ಝುಣಕ ಆರಿದ್ದರೆ ಬಿಸಿ ಮಾಡಿಕೋ.

ಅರ್ಧ ದರಕ್ಕೆ ಕೊಡುವವರ ಮುಂದೆ ನಾವು ನಿಲ್ಲಲಾರೆವು ಎಂಬುದು ನನಗೂ ಗೊತ್ತು. ಆದರೆ ಅವರಿಗೆ ಸವಣೂರು ಪೇಟೆಯ ಮನೆಗಳಷ್ಟೇ ಬೇಕು, ದುಂಡಸಿಯ ನಮ್ಮ ಕೇರಿ ಬೇಡ. ಆ ಕೇರಿಗೆ ಯಾರೂ ವಾಯರ್ ಎಳೆಯಲಿಲ್ಲ ಎಂತಲೇ ಅಲ್ಲವೇನು ನಾವು ಕಂಪನಿ ಕಟ್ಟಿದ್ದು?

ಆ ಕೇರಿಯ ಯಂಕವ್ವ ಎಮ್ಮೆ ಮಾರಿ ನಮ್ಮಲ್ಲಿ ಪಾಲು ಹಾಕಿದ್ದು ನನ್ನ ಭಾಷಣ ನಂಬಿ. ಅದು ನನ್ನನ್ನು ತಿನ್ನುತ್ತಿದೆ. ಇಡೀ ಕೇರಿಗೆ ಲೈನು ಹಂಚುವ ಪೆಟ್ಟಿಗೆಗೆ ಅವಳೇ ತನ್ನ ಮನೆಯಲ್ಲಿ, ಬಾಬಾಸಾಹೇಬರ ಫೋಟೊದ ಕೆಳಗೆ, ಜಾಗ ಕೊಟ್ಟಳು. "ಕರೆಂಟ್ ನಂದ ಹಚ್ಚರಿ. ಬಿಲ್ ಕೊಡ್ತೀನಿ ಅಂದ್ರ ಮಾತ್ರ ಬಾರಕೋಲ ತಗೋತೇನಿ" ಎಂದು ನಿನಗೇ ಗದರಿದ್ದಳು. ಈಗಲೂ ದಿನಾ ಫೋಟೊ ಒರೆಸಿದ ಅರಿವೆಯಿಂದಲೇ ಪೆಟ್ಟಿಗೆಯನ್ನೂ ಒರೆಸುತ್ತಾಳೆ.

ಇವತ್ತೇ ಹೋಗಿ ಅದನ್ನು ಕಿತ್ತು ತಾ ಎಂದೆಯಲ್ಲ, ದುಂಡಸಿ ಬಸ್ಸಿಗೇ ಹೊರಟಿದ್ದೇನೆ. ಮಾರಿದ ಸುದ್ದಿಯನ್ನು ಅವಳಿಗೆ ನಾನೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ಏಣಿ, ಇಕ್ಕಳ ಬಾಗಿಲ ಹಿಂದೆಯೇ ಇವೆ. ನಾನು ಒಯ್ಯುವುದಿಲ್ಲ.

ಸಂಘಮಿತ್ರಾ