ಕಲ್ಯಾಣ ಸ್ಟೇಷನ್ನಿನಲ್ಲಿ ನೀನು ಹೇಳಿದ್ದು

ತುರ್ಭೆ
ಗುರುವಾರ, ೧೬ ಅಕ್ಟೋಬರ್ ೧೯೯೭

ಪ್ರೀತಿಯ ಮಗಳೇ ಜ್ಯೋತಿ,

ಹೇಗಿದ್ದೀ ನನ್ನವ್ವ? ಊಟ ಸೇರುತ್ತಿದೆಯಾ? ರಾತ್ರಿ ನಿದ್ದೆ ಹತ್ತುತ್ತದೆಯೋ, ಇಲ್ಲಿಯ ಹಾಗೆ ಅಲ್ಲೂ ಗೋಡೆಗೆ ಮುಖ ಮಾಡಿ ಮಲಗುತ್ತೀಯೋ? ಮುಕ್ತಾ, ನೀನು ಇದನ್ನು ಓದಿ ಹೇಳುವಾಗ ನಡುನಡುವೆ ನಿಲ್ಲಿಸಿ ಅವಳ ಮುಖ ನೋಡು. ಮರಾಠಿ ಸಾಲಿಗೆ ಹೋದ ಹುಡುಗಿ, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಾನೋ ನಾಲ್ಕನೇತ್ತೆಗೇ ಸಾಲಿ ಬಿಟ್ಟವಳು, ಕನ್ನಡ ಬಿಟ್ಟು ಬೇರೆ ಬರೆಯಲಾರೆ. ತಾಯಿಯ ಮಾತು ಮಗಳಿಗೆ ಮುಟ್ಟಲು ನನ್ನ ತಂಗಿಯಾದ ನಿನ್ನ ಬಾಯಿ ಬೇಕಾಯಿತು ನೋಡು. ಮಾಳಗಿ ಮೇಲೆ ಕರೆದುಕೊಂಡು ಹೋಗಿ ಓದು, ನಮ್ಮ ಅವ್ವನ ಎದುರಿಗೆ ಬೇಡ. ಅವಳು ಸುಮ್ಮನೆ ಅಳುತ್ತಾಳೆ, ಆಮೇಲೆ ವರನ ಮಾತು ತೆಗೆಯುತ್ತಾಳೆ.

ನಾವು ಇಲ್ಲಿ ಆರಾಮ ಇದ್ದೇವೆ ಎಂದು ಬರೆಯಬೇಕು, ಬರೆದೆ. ಜ್ಯೋತಿ, ನಿನ್ನ ಅಪ್ಪ ಹಣ್ಣಿನ ಮಾರ್ಕೆಟ್ಟಿನಲ್ಲಿ ಹಮಾಲಿ ಮುಗಿಸಿ ಬರುವಾಗ ಮೊದಲಿನ ಹಾಗೇ ನಿನಗೆಂದು ಸೀತಾಫಲ ತರುತ್ತಾರೆ. ತಂದು ಗೋಡೆಯ ಮಾಡದಲ್ಲಿಟ್ಟ ಮೇಲೆ ನೀನು ಇಲ್ಲ ಎಂದು ನೆನಪಾಗುತ್ತದೆ. ನನಗೆ ಕೊಡಲು ನಾಚಿಕೆ, ತಾವು ತಿನ್ನಲು ಮನಸ್ಸಿಲ್ಲ, ಹಣ್ಣು ಅಲ್ಲೇ ಮೆತ್ತಗಾಗುತ್ತದೆ. ನಿನ್ನ ಮಂಚದ ಮೇಲೆ ಒಣಗಿದ ಬಟ್ಟೆ ಇಡಬೇಡ ಎಂದು ಮೊನ್ನೆ ನನ್ನ ಮೇಲೆ ಹರಿಹಾಯ್ದರು. ಇದೊಂದೇ ಖೋಲಿ, ಮತ್ತೆಲ್ಲಿ ಇಡಲಿ? ಆದರೂ ತೆಗೆದೆ. ಸಂಜೆ ನಳಕ್ಕೆ ನೀರು ಬಂದಾಗ ಈಗಲೂ “ಜ್ಯೋತೀ, ಕೊಡ” ಎಂದು ಕೂಗಿಬಿಡುತ್ತೇನೆ.

ಆ ದಿನದ ಮಾತು ಬರೆಯುತ್ತೇನೆ, ಹೆದರಬೇಡ. ನಿನ್ನನ್ನು ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಓಡುವಾಗ ಪಕ್ಕದ ಖೋಲಿಯ ಬಾಲಪ್ಪ ಕಾಕಾ ದಾರಿಯಲ್ಲೇ ನಮಗೆ ಪಾಠ ಹೇಳಿಕೊಟ್ಟರು. “ಖರೇ ಹೇಳಿದ್ರ ಪೊಲೀಸ್ ಕೇಸ್ ಆಗ್ತದ, ತಂಗಿ. ಕೆಮ್ಮಿನ ಔಷಧ ಅಂತ ತಿಳದು ತಗಣಿ ಕೊಲ್ಲೂ ಔಷಧ ಕುಡದಾಳ ಅನ್ನು. ಎಲ್ಲಾರೂ ಒಂದ ಮಾತು ಹೇಳೂಣು.” ಹಾಗೇ ಹೇಳಿದೆವು. ಡಾಕ್ಟರು ಹೊಟ್ಟೆ ತೊಳೆದು, ಬಾಟಲಿಗಳನ್ನು ಬೇರೆ ಬೇರೆ ಇಡಬಾರದೇ ಎಂದು ನನಗೆ ಬೈದು ಮನೆಗೆ ಕಳಿಸಿದರು. ಜೀವ ಉಳಿಯಿತು, ಕೇಸೂ ಆಗಲಿಲ್ಲ, ದೇವರು ದೊಡ್ಡವನು ಎಂದುಕೊಂಡೆ. ನಮ್ಮ ಚಾಳದ ಮನೆಮನೆಗೂ ಅದೇ ಕಥೆ ಹಬ್ಬಿತು. “ಹತ್ತನೇತ್ತೆ ಪಾಸಾದಾಕಿಗೆ ಬಾಟಲಿ ಮ್ಯಾಲಿಂದು ಓದಾಕ ಬರಲಿಲ್ಲೇನ?” ಎಂದು ನಳದ ಹತ್ತಿರ ಹೆಂಗಸರು ನಕ್ಕರು. ನಾನೂ ಅವರ ಜೊತೆ ನಕ್ಕೆ. ಹೇಳಿ ಹೇಳಿ ನನಗೇ ಅದು ಖರೆ ಅನಿಸತೊಡಗಿತ್ತು.

ಆಮೇಲೆ ನಿನ್ನನ್ನು ಊರಿಗೆ ಕರೆದೊಯ್ಯಲು ಮುಕ್ತಾ ಬಂದಳು. ಕಲ್ಯಾಣದಲ್ಲಿ ಸೊಲ್ಲಾಪುರದ ಗಾಡಿ ಬಿಡುವ ಹೊತ್ತಿಗೆ ನೀನು ಕಿಟಕಿಯ ಸರಳಿಗೆ ಹಣೆ ಹಚ್ಚಿ, “ಅವ್ವಾ, ಗಲತೀ ಸೇ ನಹೀ ಪಿಯಾ ಥಾ” ಎಂದೆ. ತಪ್ಪಿ ಕುಡಿದದ್ದಲ್ಲ ಎಂದೆ. ನಾನು, “ಸುಮ್ಮನಿರು, ಮಂದಿ ಕೇಳ್ತಾರ” ಎಂದು ನೀರಿನ ಬಾಟಲಿ ಒಳಗೆ ಚಾಚಿದೆ. ಗಾಡಿ ಹೋಯಿತು. ಆಗಿನಿಂದ ರೊಟ್ಟಿ ಬಡಿಯುವಾಗಲೂ ಕೈ ಅಲ್ಲಿಗೇ ನಿಲ್ಲುತ್ತದೆ. ನೀನು ಇನ್ನೂ ಏನೋ ಹೇಳುವವಳಿದ್ದೆ.

ಹೋದ ಶನಿವಾರ ಇಲ್ಲಿಯ ಸಮಾಜ ಮಂದಿರದಲ್ಲಿ ಮನಸ್ಸಿನ ಬೇನೆಯ ಬಗ್ಗೆ ಸಭೆ ಇತ್ತು. ಉಚಿತ ಗುಳಿಗೆ ಕೊಡುತ್ತಾರೆಂದು ನಾನು ಹೋದದ್ದು, ನನ್ನ ಮೊಣಕಾಲಿಗೆ. ಗುಳಿಗೆ ಇರಲಿಲ್ಲ, ಮಾತು ಇತ್ತು. ಡೊಂಬಿವ್ಲಿಯಿಂದ ಬಂದ ಚಂಪಾ ಎಂಬವರು, ಉಡುಪಿ ಕಡೆಯವರು, ಕನ್ನಡದಲ್ಲೇ ಹೇಳಿದರು. ಊಟ ಬಿಡುವುದು, ನಿದ್ದೆ ಇಲ್ಲದಿರುವುದು, ಯಾರ ಸಂಗಡವೂ ಸೇರದಿರುವುದು, ಇವೆಲ್ಲ ಸೋಮಾರಿತನವಲ್ಲ, ಬೇನೆ ಇರಬಹುದು, ಅದಕ್ಕೆ ಔಷಧ ಇದೆ ಎಂದರು. ಸರಕಾರವೂ ಕೆಲವು ಜಿಲ್ಲೆಗಳಲ್ಲಿ ಇಂಥ ಡಾಕ್ಟರನ್ನು ಇಡತೊಡಗಿದೆಯಂತೆ. ಮಳೆಗಾಲವಿಡೀ ನಾನು ನಿನಗೆ ಸೋಮಾರಿ ಅನ್ನುತ್ತಿದ್ದೆನಲ್ಲ. ಸಭೆ ಮುಗಿದ ಮೇಲೆ ಅವರ ಸೆರಗು ಹಿಡಿದು ಎಲ್ಲ ಹೇಳಿದೆ, ಪೊಲೀಸರ ಭಯವನ್ನೂ ಹೇಳಿದೆ. “ಥಾಣೆ ಊರಿನ ಮನಸ್ಸಿನ ಡಾಕ್ಟರ ಹತ್ರ ನಾನೇ ಜೊತೆಗೆ ಬರ್ತೇನೆ ಮಾರಾಯ್ರೆ, ಹೆದರ್ಬೇಡಿ. ಆದ್ರೆ ಮೊದ್ಲು ಮಗಳ ಹತ್ರ ನೀವು ಸೀದಾ ಕೇಳ್ಬೇಕು. ಕೇಳಿದ್ರೆ ಇಲ್ಲದ್ದು ತಲೆಗೆ ಬರ್ತದೆ ಅಂತ ಇಲ್ಲ. ಹೇಳ್ಲಿಕ್ಕೆ ಒಬ್ರು ಸಿಕ್ಕಿದ್ರು ಅಂತ ಆಗ್ತದೆ,” ಎಂದರು.

ಸೀದಾ ಕೇಳುವುದು ಅವರಿಗೆ ಸುಲಭ. ನನಗೆ ಬಾಯಿ ಬರುವುದಿಲ್ಲ. ನಾನು ಏನು ಮಾಡಿದೆ ಎಂದೇ ತಲೆಯಲ್ಲಿ ತಿರುಗುತ್ತದೆ. ಹನ್ನೊಂದನೇತ್ತೆಗೆ ಸೇರಿಸಲಿಲ್ಲ ಎಂದೋ, ಪ್ಯಾಕಿಂಗ್ ಕಂಪನಿಗೆ ಹಚ್ಚಿದ್ದಕ್ಕೋ, ಕೂದಲು ಕತ್ತರಿಸಿಕೊಂಡಾಗ ಬೈದದ್ದಕ್ಕೋ. ಚಂಪಾ ಬಾಯಿ, ಒಂದೇ ಕಾರಣ ಇರಬೇಕೆಂದಿಲ್ಲ, ಅದನ್ನು ಹುಡುಕುತ್ತ ಕೂರಬೇಡಿ ಎಂದರು. ನಾನು ಹುಡುಕುತ್ತ ಕೂರುವವಳೇ, ನಿನಗೆ ಗೊತ್ತಲ್ಲ.

ಮುಕ್ತಾ, ಈ ಮಾತು ಜೋರಾಗಿ ಓದಬೇಡ: ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸು. ಬೇಡ, ಜೋರಾಗಿಯೇ ಓದು. ಅವಳ ಕಿವಿ ತಪ್ಪಿಸಿ ಇನ್ನು ಏನೂ ಮಾಡುವುದು ಬೇಡ. ಜ್ಯೋತಿ, ಅದು ನಿನ್ನ ಮೇಲಿನ ಅನುಮಾನವಲ್ಲ, ನನ್ನ ಜೀವ ತಡೆಯುವುದಿಲ್ಲ, ಅದಕ್ಕೆ.

ಅಪ್ಪನಿಗೆ ಸೋಮವಾರದಿಂದ ಕೆಲಸಕ್ಕೆ ಸೂಟಿ ಸಿಕ್ಕಿದೆ, ಬಂದು ನಿನ್ನನ್ನು ಕರೆತರುತ್ತಾರೆ. ದೀಪಾವಳಿಗೆ ನೀನು ಇಲ್ಲೇ ಇರಬೇಕು. ಅವ್ವನಿಗೆ ನನ್ನ ನಮಸ್ಕಾರ ಹೇಳಿ, ಮದುವೆಯ ಮಾತು ಈಗ ಬೇಡ ಎಂದು ನಾನೇ ಹೇಳಿದೆ ಅನ್ನಿ. ಮುಕ್ತಾಳಿಗೆ ಪ್ರೀತಿ. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇವೆ ಎಂದು ತಿಳಿ.

ನಿನ್ನ ಅವ್ವ
ಮರಗಮ್ಮ

ತಾ.ಕ.: ಬಾಲಪ್ಪ ಕಾಕಾ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಬಾಗಿಲಲ್ಲಿ ನಿಂತು ಗಾಡಿ ತಪ್ಪುತ್ತದೆ ಎನ್ನುತ್ತಿದ್ದಾರೆ. ಇಷ್ಟು ಬರೆದರೂ ಕೇಳಬೇಕಾದದ್ದು ಕೇಳಲಿಲ್ಲ. ಜ್ಯೋತಿ, ಸಾಯಬೇಕು ಎಂದು ನಿನಗೆ ಈಗಲೂ ಅನಿಸುತ್ತದೆಯಾ? ಹೌದಾದರೆ ಹೌದು ಅನ್ನು, ಹಿಂದಿಯಲ್ಲೇ ಅನ್ನು, ಯಾರೂ ಬೈಯುವುದಿಲ್ಲ. ಅಪ್ಪ ಬರುವ ತನಕ ಕಾಯಬೇಡ. ಮುಕ್ತಾ, ಈಗ ಕಾಗದ ಕೆಳಗಿಡು. ಅವಳು ಹೇಳುವ ತನಕ ನೀನು ಏನೂ ಮಾತಾಡದೆ ಹತ್ತಿರ ಕೂತಿರು.