ಕೆಂಪಿಲ್ಲದ ಊರು

ಸೊರಬ ತಾಲ್ಲೂಕು
೮ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮ,

ಫೋನು ಕೈಯಲ್ಲೇ ಇರುವಾಗ ಇವಳು ಯಾಕೆ ಕಾಗದ ಬರೆಯುತ್ತಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಹತ್ತು ಮಾತಾಡಿ ನನ್ನನ್ನು ಸಮಾಧಾನ ಮಾಡಿಬಿಡುತ್ತೀಯ. ಈ ಸಲ ನನಗೆ ಸಮಾಧಾನ ಬೇಡ. ಪೂರ್ತಿ ಓದು, ಆಮೇಲೆ ಬೈಯಿ.

ಮೊದಲಿಗೆ, ಮುಂದಿನ ಗುರುವಾರದ ಸಮಾರಂಭಕ್ಕೆ ನೀನು ಬರಬೇಡ. ನಮ್ಮ ಅಂಗನವಾಡಿಗೆ ತಾಲ್ಲೂಕಿನಲ್ಲೇ ಮೊದಲ ಸ್ಥಾನ ಬಂತು ಎಂದು ಉಡುತಡಿಯಲ್ಲಿ ಮನೆಮನೆಗೆ ಹೇಳಿ ಬಂದಿದ್ದೀಯ, ಗೊತ್ತು. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದರೂ ನಿನ್ನ ಕೊರಳಿಗೆ ಒಂದು ಹಾರ ಬೀಳಲಿಲ್ಲ. ಮಗಳಿಗಾದರೂ ಬೀಳಲಿ ಎನ್ನುವ ಆಸೆ ನಿನ್ನದು. ಅದಕ್ಕೇ ಇದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ನಿನ್ನ ಕಾಲದಲ್ಲಿ ಗೋಡೆಗೆ ಚಾರ್ಟು ಅಂಟಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಗೆರೆ ಇಳಿದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನೀನೇ ಆಸ್ಪತ್ರೆಗೆ ನಡೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಈಗ ಎಲ್ಲ ಮೊಬೈಲಿನಲ್ಲಿ. ತಿಂಗಳಿಗೊಮ್ಮೆ ತೂಗಿ ಹಾಕಬೇಕು. ತೂಕ ಸರಿಯಿದ್ದರೆ ಮಗುವಿನ ಹೆಸರು ಹಸಿರು ಬಣ್ಣದಲ್ಲಿ ಬರುತ್ತದೆ, ತೀರಾ ಕಡಿಮೆಯಿದ್ದರೆ ಕೆಂಪು ಬಣ್ಣದಲ್ಲಿ. ಕೆಂಪು ಬಂದ ಮಗುವನ್ನು ತಾಯಿಯ ಜೊತೆ ಹದಿನಾಲ್ಕು ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿಟ್ಟು ಆರೈಕೆ ಮಾಡುತ್ತಾರೆ. ಒಳ್ಳೆಯ ಯೋಜನೆಯೇ ಅಮ್ಮ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಒಂದು ಕೆಂಪು ಬಂದರೆ ನಮಗೆ ಮೇಲಿನವರಿಂದ ಹತ್ತು ಫೋನು ಬರುತ್ತವೆ. ಜುಲೈ ಸಭೆಯಲ್ಲಿ ಸೂಪರ್‌ವೈಸರ್ ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವ್ರದ್ದೊಂದೇ ಊರು ನೋಡ್ರೀ, ಕೆಂಪೇ ಇಲ್ದಿರೋದು. ಹಿಂಗೇ ಇಟ್ಕಂಡು ಹೋಗ್ರಿ ರಜನಿ" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಆ ಚಪ್ಪಾಳೆ ನನಗೆ ತುಂಬಾ ಇಷ್ಟವಾಯಿತು.

ಅದೇ ವಾರ ಶರಣ್ಯ ತನ್ನ ಮಗನನ್ನು ತೂಕಕ್ಕೆ ತಂದಳು. ನಿನಗೆ ನೆನಪಿರಬಹುದು, ಯುಗಾದಿಗೆ ಬಂದಾಗ ನಿನಗೆ ಸೆರಗಿನ ತುಂಬ ಮಾವಿನಕಾಯಿ ತಂದುಕೊಟ್ಟ ಹುಡುಗಿ, ತವರು ತಾಳಗುಂದ. ಮಗುವಿಗೆ ಅಜ್ಜನ ಹೆಸರು, ಈಶ್ವರ್. ಒಂದೂವರೆ ವರ್ಷ. ತೊಡೆಯ ಚರ್ಮ ಜೋಲುತ್ತಿತ್ತು. ತೂಕದ ಮಷಿನ್ನಿನ ಸೆಲ್ಲು ಮುಗಿದಿತ್ತು, ಹೊಸದು ಬೇಕೆಂದರೆ ಸೊರಬಕ್ಕೆ ಹೋಗಬೇಕು, ಮಾಹಿತಿ ತುಂಬಲು ಅವತ್ತೇ ಕಡೆಯ ದಿನ. ಕಣ್ಣಂದಾಜಿನಲ್ಲಿ ಒಂಬತ್ತು ಕಿಲೋ ಎಂದು ಹಾಕಿದೆ. ಹಸಿರು ಬಂತು. ನಾಟಿ ಸಮಯದಲ್ಲಿ ಹದಿನಾಲ್ಕು ದಿನ ಕೆಲಸ ಬಿಟ್ಟು ಅವಳು ಶಿವಮೊಗ್ಗಕ್ಕೆ ಹೋಗುವುದಾದರೂ ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗುತ್ತೀಯಾ ಎಂದು ಅವಳನ್ನು ಒಂದು ಮಾತು ಕೇಳಲಿಲ್ಲ. ಮುಂದಿನ ತಿಂಗಳು ಒಂಬತ್ತಕ್ಕೆ ಇನ್ನೂರು ಗ್ರಾಂ ಸೇರಿಸಿ ಹಾಕಿದೆ.

ಆಗಸ್ಟ್ ಕೊನೆಗೆ ಮಗುವಿಗೆ ಭೇದಿ ಹಿಡಿಯಿತು. ಎರಡೇ ದಿನ. ಆಸ್ಪತ್ರೆಯ ದಾರಿಯಲ್ಲಿ, ಆಟೋದಲ್ಲೇ, ಅವಳ ಮಡಿಲಲ್ಲಿ ಹೋಯಿತು. ಮೈಯಲ್ಲಿ ತ್ರಾಣವಿದ್ದಿದ್ದರೆ ತಡೆದುಕೊಳ್ಳುತ್ತಿತ್ತು.

ವಿಚಾರಣೆಗೆ ಇಬ್ಬರು ಬಂದರು. ನನ್ನ ಮೊಬೈಲು ನೋಡಿದರು. ತೂಕ ಸರಿ, ಪುಷ್ಟಿ ಹಿಟ್ಟು ಕೊಟ್ಟದ್ದು ಸರಿ. ಅಂಗನವಾಡಿಯದು ತಪ್ಪಿಲ್ಲ, ಮನೆಯಲ್ಲಿ ತಾಯಿ ಸರಿಯಾಗಿ ನೋಡಿಕೊಂಡಿಲ್ಲ ಎಂದು ಬರೆದುಕೊಂಡು ಹೋದರು. ನಾನು ಅವರಿಗೆ ಟೀ ಮಾಡಿಕೊಟ್ಟೆ. ಶರಣ್ಯಳ ಅತ್ತೆಗೆ ಅಷ್ಟೇ ಸಾಕಾಯಿತು. "ಸರ್ಕಾರದೋರೇ ಬರ್ಕಂಡ್ ಹೋದ್ರು. ಒಂಬತ್ ಕೇಜಿ ಇದ್ದ ಮಗ ಇವಳ ಕೈಯಾಗೆ ಹೆಂಗ್ ಸತ್ತ?" ಎಂದು ಬೀದಿಯಲ್ಲಿ ನಿಂತು ಕೂಗಿದಳು. ಮರುವಾರ ಗಂಡ ಅವಳನ್ನು ತಾಳಗುಂದಕ್ಕೆ ಬಿಟ್ಟು ಬಂದ. ಇನ್ನೂ ಕರೆದುಕೊಂಡು ಬಂದಿಲ್ಲ, ಬರುವ ಹಾಗೂ ಕಾಣುವುದಿಲ್ಲ.

ಹೊರಡುವಾಗ ಅವಳು ನನ್ನ ಹತ್ತಿರ ಬಂದಳು. "ನೀವು ಚೆನ್ನಾಗೇ ನೋಡ್ಕಂಡ್ರಿ ಟೀಚರ್. ನಂದೇ ಎಂತದೋ ತಪ್ಪಾತು" ಎಂದಳು. ಅಮ್ಮ, ನನಗೆ ಊಟ ಸೇರುತ್ತಿಲ್ಲ. ನಾನು ಬರೆದ ಒಂದು ಅಂಕಿ ನನ್ನನ್ನು ಉಳಿಸಿತು, ಅವಳನ್ನು ಮಗು ಕೊಂದವಳನ್ನಾಗಿ ಮಾಡಿತು.

ಸೋಮವಾರ ಆಫೀಸಿಗೆ ಹೋಗಿ ಎಲ್ಲ ಬರೆದುಕೊಡುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಅದಕ್ಕೂ ಮೊದಲು, ಈ ಭಾನುವಾರ, ತಾಳಗುಂದಕ್ಕೆ ಹೋಗಿ ಅವಳ ಅಪ್ಪ ಅಮ್ಮನ ಎದುರಿಗೇ ಹೇಳಬೇಕು, ತಪ್ಪು ಅವಳದಲ್ಲ ಎಂದು. ಹತ್ತು ಗಂಟೆಗೆ ಶಿರಾಳಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ನೀನು ಅಲ್ಲಿಗೆ ಬಾ. ಹೋದ ತಿಂಗಳು ಒಬ್ಬಳೇ ಹೋಗಿ, ಅವರ ಮನೆಯ ತಿರುವಿನವರೆಗೆ ನಡೆದು, ವಾಪಸು ಬಂದೆ. ನೀನು ಪಕ್ಕದಲ್ಲಿದ್ದರೆ ತಿರುಗಿ ಬರಲು ನಾಚಿಕೆಯಾಗುತ್ತದೆ.

ನಿನ್ನ ಮಗಳು,
ರಜನಿ

ಮತ್ತೆ: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಸೆಲ್ಲು ಮುಗಿದಿತ್ತು ಎಂದು ಬರೆದದ್ದು ಸುಳ್ಳು. ಮಷಿನ್ ಸರಿಯಾಗಿಯೇ ಇತ್ತು. ಅವನನ್ನು ನಾನೇ ಎತ್ತಿ ಮಲಗಿಸಿ ತೂಗಿದ್ದೆ. ಏಳು ಕಿಲೋ ನೂರು ಗ್ರಾಂ. ಇಳಿಸಿ ಇನ್ನೊಮ್ಮೆ ತೂಗಿದೆ, ಅಷ್ಟೇ ಬಂತು. ಶರಣ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. "ಎಷ್ಟ್ ಬಂತು ಟೀಚರ್?" ಎಂದು ಕೇಳಿದಳು. ಒಂಬತ್ತು, ಆರಾಮಾಗಿದ್ದಾನೆ ಎಂದೆ. ಅವಳು ಅವನ ಕೆನ್ನೆಗೆ ಮುತ್ತು ಕೊಟ್ಟು, ನಗುನಗುತ್ತಾ ನಾಟಿಗೆ ಹೋದಳು.