ಇನ್ನೊಂದು ವೆಲೆನ್ಸಿಯಾ

ಕ್ಲಾಂಡಾಲ್ಕಿನ್, ಡಬ್ಲಿನ್
ಮಾರ್ಚ್ ೯, ೨೦೨೫, ಭಾನುವಾರ

ಮುದ್ದಿನ ಮಗಳು ಸೋನಿಯಾ,

ಹೇಗಿದ್ದೀ? ಜನವರಿಯಲ್ಲಿ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ದಿನವಿಡೀ ಶಾಲೆಯಲ್ಲಿ ಮಕ್ಕಳ ಮೇಲೆ ಕಿರುಚಿ, ಮನೆಗೆ ಬಂದು ಫ್ಯಾನಿನ ಕೆಳಗೆ ಮಲಗುವವಳಿಗೆ ಕೆಮ್ಮು ಹೇಗೆ ಬಿಡುತ್ತದೆ? ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆ ಎಂದು ನಾನು ಹೇಳಿದ್ದನ್ನು ನೀನು ಮಾಡಿರುವುದಿಲ್ಲ, ನನಗೆ ಗೊತ್ತು. ನಿನ್ನ ಗಂಡ ಮಲ್ಲಿಕಾರ್ಜುನನ ಬೆನ್ನುನೋವು ಹೇಗಿದೆ? ಬೈಕು ಬಿಟ್ಟು ಬಸ್ಸಿನಲ್ಲಿ ಹೋಗಲಿಕ್ಕೆ ಹೇಳು. ಹುಬ್ಬಳ್ಳಿಯಲ್ಲಿ ಈಗಲೇ ಸೆಕೆ ಶುರುವಾಗಿರಬೇಕು. ಇಲ್ಲಿ ನಾನು ಇನ್ನೂ ಎರಡು ಸ್ವೆಟರ್ ಹಾಕಿಕೊಂಡು ಬರೆಯುತ್ತಿದ್ದೇನೆ. ನನ್ನ ಆರೋಗ್ಯ ಚೆನ್ನಾಗಿದೆ. ಈ ಊರಿನವರ ಹಾಗೆ ಹೇಳುವುದಾದರೆ ಗ್ರ್ಯಾಂಡ್. ಇವರು ಜ್ವರ ಬಂದು ಮಲಗಿದರೂ ಗ್ರ್ಯಾಂಡ್ ಎಂದೇ ಹೇಳುತ್ತಾರೆ, ನನಗೂ ಅದೇ ಅಭ್ಯಾಸವಾಗಿದೆ.

ಕೈಯಲ್ಲಿ ಫೋನ್ ಇರುವಾಗ ಈ ಮುದುಕ ಯಾಕೆ ಕಾಗದ ಹಿಡಿದು ಕುಳಿತ ಎಂದು ನಗಬೇಡ. ಫೋನಿನಲ್ಲಿ ಅಮ್ಮನ ಸುದ್ದಿ ಎತ್ತಿದ ಕೂಡಲೇ ನೀನು "ಅಪ್ಪಾ, ಕುಕ್ಕರ್ ಕೂಗ್ತಾ ಉಂಟು, ಆಮೇಲೆ ಮಾಡ್ತೇನೆ" ಎಂದು ಇಡುತ್ತೀ. ಇಬ್ಬರೇ ಇರುವ ಮನೆಯಲ್ಲಿ ಆ ಕುಕ್ಕರ್ ಹೊತ್ತು ಗೊತ್ತಿಲ್ಲದೆ ಏನು ಬೇಯಿಸುತ್ತದೋ ದೇವರಿಗೇ ಗೊತ್ತು. ಕಾಗದವನ್ನು ಹಾಗೆ ನಡುವೆ ಇಡಲು ಆಗುವುದಿಲ್ಲ. ಮಾತಿಗೆ ಕೊಂಕಣಿ, ಕಾಗದಕ್ಕೆ ಕನ್ನಡ ಎಂಬುದು ನಮ್ಮ ಮನೆಯ ಪದ್ಧತಿ. ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ಅಮ್ಮನ ಮರೆವು ನೀನು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿದೆ. ನೀನು ಮಲ್ಲಿಕಾರ್ಜುನನನ್ನು ರಿಜಿಸ್ಟರ್ ಮದುವೆಯಾದ ಮೇಲೆ ಅವಳು ನಿನ್ನ ಹೆಸರನ್ನೇ ಎತ್ತದೆ ಇದ್ದದ್ದು ನಿನಗೆ ಗೊತ್ತು. ಆದರೆ ಒಂದು ಸಂಗತಿ ನಿನಗೆ ಗೊತ್ತಿಲ್ಲ. ಸಂಜೆ ಜಪಮಾಲೆ ಮುಗಿಸಿ ಮಕ್ಕಳಿಗಾಗಿ ಬೇಡುವಾಗ ಅವಳು ನಿನ್ನ ಅಣ್ಣ ಆಲ್ವಿನ್ ಹೆಸರು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮುಂದಕ್ಕೆ ಹೋಗುತ್ತಿದ್ದಳು. ಆ ಸುಮ್ಮನಿರುವುದು ನಿನಗಾಗಿ ಎಂದು ಪಕ್ಕದಲ್ಲಿ ಮೊಣಕಾಲೂರಿದ ನನಗೆ ತಿಳಿಯುತ್ತಿತ್ತು. ಹಟದಲ್ಲಿ ನೀನೇನು ಕಡಿಮೆ? "ಅಮ್ಮ ಕರೆದರೆ ಬರುತ್ತೇನೆ, ಕರೆಯದೆ ಬರುವುದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದವಳು. ನಿಮ್ಮಿಬ್ಬರ ನಡುವೆ ನಾನು ಒಳ್ಳೆ ಪೋಸ್ಟ್‌ಮ್ಯಾನ್ ಆದೆ, ಆದರೆ ಹಂಚಲಿಕ್ಕೆ ಯಾರೂ ಏನೂ ಕೊಡಲಿಲ್ಲ.

ಮರೆವು ಬಂದಾಗ ಅವಳಿಂದ ಮೊದಲು ಹೋದದ್ದು ಆ ಕೋಪ. ಕಳೆದ ವರ್ಷದ ಬೇಸಿಗೆಯಿಂದ ನಿನ್ನ ಹೆಸರು ಬಾಯಿಗೆ ಬರತೊಡಗಿತು. "ಸೋನಿಯಾ ಶಾಲೆಯಿಂದ ಬಂದಳಾ?" ಎಂದು ಕೇಳುವಳು. ಇಲ್ಲವೆಂದರೆ "ವೆಲೆನ್ಸಿಯಾಕ್ಕೆ ಹೋಗುವಾ, ಅವಳು ಅಲ್ಲಿ ಒಬ್ಬಳೇ" ಎನ್ನುವಳು. ಮಂಗಳೂರಿನ ನಮ್ಮ ವೆಲೆನ್ಸಿಯಾ, ಕಂಕನಾಡಿಯ ಆಚೆಯ ಆ ಬಾಡಿಗೆ ಮನೆ. ಇಲ್ಲಿ ಆಲ್ವಿನ್‌ನ ಪಕ್ಕದ ಮನೆಯಲ್ಲಿ ಮೈಸೂರಿನ ಅನಸೂಯ ಇದ್ದಾಳೆ, ಒಳ್ಳೆಯ ಹೆಂಗಸು, ಮಧ್ಯಾಹ್ನ ಅಮ್ಮನ ಜೊತೆ ಕೂರುತ್ತಾಳೆ. ಒಂದು ದಿನ ಅವಳು ಅಮ್ಮನ ಕೈ ಹಿಡಿದು ಓಡಿ ಬಂದಳು. "ಅಂಕಲ್, ನಾನು ಕಾಫಿ ತರೋಷ್ಟ್ರಲ್ಲಿ ಆಂಟಿ ಬಸ್ ಸ್ಟಾಪ್ ತಂಕ ಹೋಗ್ಬಿಟ್ಟವ್ರೆ. ವೆಲೆನ್ಸಿಯಾ ಬಸ್ ಎಷ್ಟೊತ್ತಿಗೆ ಐತೆ ಅಂತ ಎಲ್ರನ್ನೂ ಕೇಳ್ತಾವ್ರೆ" ಎಂದು ಅವಳೇ ಅಳತೊಡಗಿದಳು. ಅಮ್ಮನ ಕಾಲಿನಲ್ಲಿ ಚಪ್ಪಲಿ ಕೂಡ ಇರಲಿಲ್ಲ.

ಊರಿಗೆ ಕರೆದುಕೊಂಡು ಹೋಗೋಣವೆಂದರೆ ಡಾಕ್ಟರ್ ಒಪ್ಪಲಿಲ್ಲ. ಅಷ್ಟು ದೂರದ ವಿಮಾನ ಅವಳ ಹೃದಯಕ್ಕೆ ಆಗದು ಎಂದರು. ಹೀಗಿರುವಾಗ ಅಕ್ಟೋಬರಿನಲ್ಲಿ ಅಮ್ಮನ ಹುಟ್ಟುಹಬ್ಬ ಬಂತು. ಕೇಕ್ ಕತ್ತರಿಸಿದ ಮೇಲೆ ಆಲ್ವಿನ್‌ನ ಮಗಳು ನಿಖಿತಾ ಎದ್ದು ನಿಂತಳು. ಅವಳು ಇಲ್ಲೇ ಹುಟ್ಟಿದವಳು, ನಾವು ಆಡಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಿನಲ್ಲಿ. ಶನಿವಾರ ಅಂಗಡಿಯಲ್ಲಿ ದುಡಿದ ದುಡ್ಡಿನಲ್ಲಿ ಅಜ್ಜಿಗೆ ಒಂದು ಟ್ರಿಪ್ ಅಂತೆ. "ನಾನಾ ವಾಂಟ್ಸ್ ವ್ಯಾಲೆನ್ಸಿಯಾ, ಸೊ ವಿ ಆರ್ ಗೋಯಿಂಗ್ ಟು ವ್ಯಾಲೆನ್ಸಿಯಾ" ಎಂದಳು. ನಾನಾ ಎಂದರೆ ಇಲ್ಲಿಯ ಮಕ್ಕಳ ಬಾಯಲ್ಲಿ ಅಜ್ಜಿ. ಸ್ಪೇನಿನ ವೆಲೆನ್ಸಿಯಾ! ಡಬ್ಲಿನ್ನಿನಿಂದ ನೇರ ವಿಮಾನವಂತೆ. ಆ ಮಗುವಿಗೆ ಮಂಗಳೂರು ಗೊತ್ತು, ಮಂಗಳೂರಿನೊಳಗೆ ಇನ್ನೊಂದು ವೆಲೆನ್ಸಿಯಾ ಇದೆಯೆಂದು ಯಾರು ಹೇಳಿದ್ದರು? ಅಜ್ಜಿ ಪ್ರಾಯದಲ್ಲಿ ಸ್ಪೇನ್ ನೋಡಬೇಕೆಂದು ಆಸೆಪಟ್ಟಿರಬೇಕು ಎಂದುಕೊಂಡಿದ್ದಾಳೆ. ಆಲ್ವಿನ್ ಬಾಯಿ ತೆರೆಯಲು ಹೊರಟ, ನಾನು ಅವನ ಮಂಡಿ ಒತ್ತಿದೆ. ಅಮ್ಮ ಮೈಯೆಲ್ಲ ಕಿವಿಯಾಗಿ ಕುಳಿತಿದ್ದಳು. "ವೆಲೆನ್ಸಿಯಾಕ್ಕಾ? ಯಾವಾಗ?" ಎಂದು ಕೇಳಿದಳು. ಆ ಮುಖ ನೋಡಿದ ಮೇಲೆ ತಪ್ಪನ್ನು ತಿದ್ದುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ವೀಸಾಕ್ಕೆ ಅಲೆದ ಕಥೆ ಬರೆದರೆ ಈ ಕಾಗದ ಸಾಲದು. ಬೆರಳಚ್ಚು ಕೊಡುವಾಗ ಅಮ್ಮ ಕೌಂಟರಿನ ಹುಡುಗಿಯನ್ನು ನಮ್ಮ ಪಕ್ಕದ ಕೇರಿಯವಳೆಂದುಕೊಂಡು "ನಿಮ್ಮದು ಜೆಪ್ಪುವಾ?" ಎಂದು ಕೇಳಿದಳು. ಪಾಪ, ಆ ಹುಡುಗಿ ಯೆಸ್ ಎಂದಿತು. ಅಂತೂ ಫೆಬ್ರವರಿಯಲ್ಲಿ ಅಮ್ಮ, ನಿಖಿತಾ, ನಾನು ಮೂವರು ಹೊರಟೆವು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ದೊಡ್ಡದಾಗಿ ಬರೆದ ಊರಿನ ಹೆಸರನ್ನು ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿ ಶಿಲುಬೆಯ ಗುರುತು ಮಾಡಿಕೊಂಡಳು. ಕ್ಲಾಂಡಾಲ್ಕಿನ್ನಿನಲ್ಲಿ ಬಚ್ಚಲಿಗೂ ದಾರಿ ತೋರಿಸಬೇಕಾದವಳು ಅಲ್ಲಿ ನಮಗಿಂತ ಮುಂದೆ ನಡೆದಳು. ಹಳೆಯ ಪೇಟೆಯ ಹಂಚಿನ ಮಾಡುಗಳನ್ನು ನೋಡಿ ಖುಷಿಪಟ್ಟಳು. "ಎಷ್ಟು ಕಟ್ಟಿದ್ದಾರೆ ನೋಡಿ, ನಮ್ಮ ವೆಲೆನ್ಸಿಯಾದ ಗುರುತೇ ಸಿಗುವುದಿಲ್ಲ" ಎಂದು ನನ್ನನ್ನೇ ಗದರಿದಳು, ನಾನೇ ಕಟ್ಟಿಸಿದ ಹಾಗೆ.

ಊರು ಬಹಳ ಚಂದ ಮಗಳೇ. ಬೀದಿ ಬೀದಿಯಲ್ಲಿ ಕಿತ್ತಳೆ ಮರ. ಹಿಂದೆ ಹಡಗಿನಲ್ಲಿ ಬಂದ ವರ್ತಕರು ರೇಷ್ಮೆ ಮಾರುತ್ತಿದ್ದ ದೊಡ್ಡ ಕಲ್ಲಿನ ಚಾವಡಿ ಇದೆ, ಅದರ ಕಂಬಗಳನ್ನು ಹಡಗಿನ ಹಗ್ಗದ ಹಾಗೆ ಹುರಿಗೊಳಿಸಿ ಕೆತ್ತಿದ್ದಾರೆ. ಪಣಂಬೂರಿನ ಬಂದರಿನಲ್ಲಿ ಜೀವಮಾನವಿಡೀ ಕ್ರೇನ್ ನಡೆಸಿದವನಿಗೆ ಬಂದರು ನೋಡದೆ ಇರಲಾಗುತ್ತದೆಯೇ? ಟ್ರಾಮ್ ಹತ್ತಿ ಕಡಲ ಕರೆಗೆ ಹೋದೆವು. ಹಡಗು ಕಟ್ಟುತ್ತಿದ್ದ ಶತಮಾನಗಳ ಹಿಂದಿನ ಕಮಾನಿನ ಕೊಟ್ಟಿಗೆಗಳು ಒಂದು ಕಡೆ, ಕಂಟೇನರ್ ಎತ್ತುವ ಕ್ರೇನುಗಳು ಇನ್ನೊಂದು ಕಡೆ. ಆ ಕಡಲಿಗೆ ಹೇಳಿಕೊಳ್ಳುವಂಥ ಭರತ ಇಳಿತ ಇಲ್ಲ. ಅಮ್ಮ ಬಹಳ ಹೊತ್ತು ನೀರನ್ನು ನೋಡಿ "ಇವತ್ತು ಕಡಲಿಗೆ ಏನಾಗಿದೆ, ಮಾತೇ ಆಡುವುದಿಲ್ಲ" ಎಂದಳು.

ಮಂಗಳೂರಿನ ನಮ್ಮ ಇಗರ್ಜಿಯ ಸಂತ ವಿನ್ಸೆಂಟ್ ಫೆರೆರ್ ಹುಟ್ಟಿದ್ದು ಆ ಊರಿನಲ್ಲೇ. ಅದರಿಂದಲೇ ನಮ್ಮ ಕೇರಿಗೂ ಆ ಹೆಸರು ಬಂತೆಂದು ನನ್ನ ಅಪ್ಪ ಹೇಳುತ್ತಿದ್ದರು. ಸಂತರ ಮನೆಯಲ್ಲಿ ಒಂದು ಬಾವಿ ಇದೆ. ಮಕ್ಕಳಿಗೆ ಬೇಗ ಮಾತು ಬರಲೆಂದು ಅದರ ನೀರು ಕುಡಿಸುವುದು ಅಲ್ಲಿಯ ವಾಡಿಕೆಯಂತೆ. ನಿಖಿತಾ ಅದನ್ನು ಫಲಕದಲ್ಲಿ ಓದಿ, ಲೋಟದಲ್ಲಿ ಹಿಡಿದು ಅಜ್ಜಿಗೆ ಕುಡಿಸಿದಳು. ನಾನು ಬೇರೆ ಕಡೆ ನೋಡಿದೆ.

ಕೊನೆಯ ದಿನ ಭಾನುವಾರ. ಅಲ್ಲೇ ಹತ್ತಿರದ ಒಂದು ಇಗರ್ಜಿಗೆ ಪೂಜೆಗೆ ಹೋದೆವು. ಒಳಗೆ ಸಂತರ ಪ್ರತಿಮೆ, ನಮ್ಮಲ್ಲಿರುವ ಹಾಗೆಯೇ ಒಂದು ಬೆರಳು ಮೇಲಕ್ಕೆ. ಅಮ್ಮ ಅದನ್ನು ನೋಡಿದ್ದೇ ತಡ, ಹೊರಗೆ ಬಂದು ಮೆಟ್ಟಿಲ ಮೇಲೆ ಗಟ್ಟಿಯಾಗಿ ಕುಳಿತಳು. "ಸೋನಿಯಾಗೆ ಕ್ಯಾಟಿಕಿಸಂ ಕ್ಲಾಸು ಬಿಡುವ ಹೊತ್ತಾಯಿತು. ನೀವು ಹೋಗಿ, ನಾನು ಕರಕೊಂಡು ಬರ್ತೇನೆ" ಎಂದಳು. ಹಾದಿಯಲ್ಲಿ ಬಿದ್ದಿದ್ದ ಒಂದು ಕಿತ್ತಳೆಯನ್ನು ನಿನಗೆಂದು ಸೆರಗಿನಲ್ಲಿ ಒರೆಸಿ ಇಟ್ಟುಕೊಂಡಳು. ಜನ ಇಳಿದು ಹೋದರು. ಅವಳು ಪ್ರತಿಯೊಂದು ಹೆಣ್ಣುಮಗುವಿನ ಮುಖ ನೋಡಿದಳು. ಬಾಗಿಲು ಹಾಕಿದರು. ಎದುರಿನ ಹೋಟೆಲಿನವರು ಊಟ ಮುಗಿಸಿ ಕುರ್ಚಿ ಮಡಚಿದರು. ವಿಮಾನಕ್ಕೆ ಹೊತ್ತಾಗುತ್ತದೆಂದು ನಾನು ಕರೆದೆ, ಬೇಡಿಕೊಂಡೆ, ಕೊನೆಗೆ ಸಿಟ್ಟಿನಿಂದ ತೋಳು ಹಿಡಿದು ಎಳೆದೆ. ಏಳಲಿಲ್ಲ. "ಮಗು ಹೊರಗೆ ಬಂದು ನನ್ನನ್ನು ಕಾಣದಿದ್ದರೆ ಹೆದರ್ತದೆ" ಎಂದಳು.

ಆಗ ನಿಖಿತಾ ಒಂದು ಕೆಲಸ ಮಾಡಿದಳು. ಇಗರ್ಜಿಗೆ ಒಂದು ಸುತ್ತು ಬಂದು, ಪಕ್ಕದ ಬಾಗಿಲಿನ ಕಡೆಯಿಂದ ಓಡಿ ಬಂದು, ಅಜ್ಜಿಯ ಎದುರು ನಿಂತು ತನಗೆ ತಿಳಿದ ಹರಕು ಕೊಂಕಣಿಯಲ್ಲಿ "ಅಮ್ಮಾ, ಬಂದೆ" ಎಂದಳು. ಅಮ್ಮ ಅವಳ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. "ನೀನು ಅವಳಲ್ಲ ಮಗಾ" ಎಂದಳು. "ಆದರೂ ಹಸಿದಿರಬೇಕು, ತಿನ್ನು." ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಬಾಯಿಗೆ ಕೊಟ್ಟಳು. ಆ ಬೀದಿಯ ಕಿತ್ತಳೆ ಯಾರೂ ತಿನ್ನುವಂಥದ್ದಲ್ಲವಂತೆ, ವಿಪರೀತ ಕಹಿ. ಹುಡುಗಿ ಮುಖ ಕಿವುಚದೆ ಪೂರ್ತಿ ತಿಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕಹಿಗೋ ಏನೋ ನಾನು ಕೇಳಲಿಲ್ಲ. ನಿನಗೆ ತೆಗೆದಿಟ್ಟದ್ದನ್ನು ಇನ್ನೊಬ್ಬಳು ತಿಂದಳಲ್ಲ ಎಂದು ನನಗೆ ಹೊಟ್ಟೆ ಉರಿಯಿತು, ಮೊಮ್ಮಗಳ ಮೇಲೆ! ನನ್ನ ಬುದ್ಧಿಗೆ ಏನು ಹೇಳಲಿ.

ಆಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ಆಡಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ಅದಕ್ಕೇ ಬರ್ಲಿಲ್ಲ. ನೀವು ಒಳಗೆ ಹೋಗಿ ಹೇಳಿ, ಅಮ್ಮ ಕರೀತಾಳೆ ಅಂತ. ನಾನು ಕರೆದರೆ ಬಾರದೆ ಇರ್ತಾಳಾ?"

ಸೋನಿಯಾ, ನನ್ನ ಅಪ್ಪ ತೀರಿಕೊಂಡಾಗಲೂ ನಾನು ಜನರೆದುರು ಅತ್ತವನಲ್ಲ. ಆ ಪರ ಊರಿನ ಬೀದಿಯಲ್ಲಿ ನಿಂತು ಅತ್ತೆ. ಆಯಿತು, ಹೇಳುತ್ತೇನೆ ಎಂದು ಮಾತು ಕೊಟ್ಟ ಮೇಲೆ ಅವಳು ತಾನಾಗಿ ಎದ್ದಳು. ಆ ಮಾತನ್ನು ಉಳಿಸಿಕೊಳ್ಳಲು ಈಗ ಬರೆಯುತ್ತಿದ್ದೇನೆ. ಅಮ್ಮ ಕರೆದರೆ ಬರುತ್ತೇನೆ ಎಂದಿದ್ದೆಯಲ್ಲ, ಕರೆದಿದ್ದಾಳೆ. ಫೋನಿನಲ್ಲಿ ಅಲ್ಲ, ಬಾಗಿಲು ಹಾಕಿದ ಇಗರ್ಜಿಯ ಮುಂದೆ ಹಸಿದು ಕುಳಿತು ಕರೆದಿದ್ದಾಳೆ, ನಾನೇ ಸಾಕ್ಷಿ. ಕ್ಷಮಿಸು ಎಂದು ಅವಳು ಹೇಳಲಿ ಎಂದು ಕಾಯಬೇಡ, ಯಾವುದಕ್ಕೆ ಎಂಬುದು ಅವಳಿಗೆ ತಿಳಿದಿಲ್ಲ. ಅವಳ ಕೋಪ ಹೋಗಿದೆ, ನೆನಪಿನಲ್ಲಿ ನೀನು ಇನ್ನೂ ಇದ್ದೀ. ಇವತ್ತು ಇರುವ ಹೆಸರು ನಾಳೆ ಇರುತ್ತದೆಂದು ಡಾಕ್ಟರ್ ಭರವಸೆ ಕೊಡುವುದಿಲ್ಲ. ಏಪ್ರಿಲಿನಲ್ಲಿ ಶಾಲೆಗೆ ರಜೆ ಅಲ್ಲವೇ? ವೀಸಾದ ಕಾಗದಪತ್ರ ಆಲ್ವಿನ್ ಕಳಿಸುತ್ತಾನೆ. ಮಲ್ಲಿಕಾರ್ಜುನನನ್ನೂ ಕರೆದುಕೊಂಡು ಬಾ. ಅವನ ಊರು ಕುಲ ಕೇಳುವವರು ಇಲ್ಲಿ ಯಾರೂ ಉಳಿದಿಲ್ಲ.

ಅಣ್ಣ ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಅನಸೂಯ ಕೂಡ, ನೋಡದೆಯೇ. ನಿಖಿತಾ ನಿನಗೆ ಒಂದು ಮುತ್ತು ಬರೆಯಬೇಕಂತೆ, ಬರೆದಿದ್ದೇನೆ. ದೇವರು ನಿಮ್ಮಿಬ್ಬರನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಳ್ಳಲಿ.

ನಿನ್ನ ದಾರಿ ನೋಡುವ
ಅಪ್ಪ
ಆಂಥನಿ

ತಾ.ಕ.: ಸೋಮವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ಸೇರಿಸುತ್ತಿದ್ದೇನೆ. ಅಂಚೆ ತಡವಾಗುತ್ತದೆ, ನಿಖಿತಾ ಈ ಹಾಳೆಗಳ ಫೋಟೋ ತೆಗೆದು ಈಗಲೇ ನಿನ್ನ ಫೋನಿಗೆ ಕಳಿಸುತ್ತಾಳೆ. ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ಕುಳಿತು ಯಾರಿಗೆ ಎಂದಳು. ಸೋನಿಯಾಗೆ ಎಂದೆ. "ಚಂದದ ಹೆಸರು. ಯಾರ ಮಗಳು?" ಎಂದಳು. ತಮಾಷೆ ಎಂದುಕೊಂಡು ಮುಖ ನೋಡಿದೆ, ತಮಾಷೆಯಲ್ಲ. ನನ್ನ ಮಗಳು ಎಂದೆ, ನಮ್ಮ ಎನ್ನಲು ನಾಲಿಗೆ ಏಳಲಿಲ್ಲ. "ನಿಮಗೆ ಮಗಳೂ ಇದ್ದಾಳಾ? ಪುಣ್ಯವಂತರು" ಎಂದು ನನ್ನ ಕೈ ತಟ್ಟಿ ಎದ್ದು ಹೋದಳು. ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯಲು ಹೊತ್ತಿಲ್ಲ. ಅವಳು ಇನ್ನು ಕರೆಯಲಿಕ್ಕಿಲ್ಲ ಮಗಳೇ. ಕರೆಯದೆಯೇ ಬಾ.